ಬೂದಿ ಬಣ್ಣದ ಮಸಿ

ಹಲ್ಲಿನ ಡಾಕ್ಟರ ಮುಂದೆ ಊರೇ ಬಾಯಿ ತೆರೆಯುತ್ತಿತ್ತು, ಅತ್ತೆಯೊಬ್ಬರನ್ನು ಬಿಟ್ಟು. (ಮಾತಾಡಲು ಧಾರಾಳವಾಗಿ ತೆರೆಯುತ್ತಿದ್ದರು, ಹಲ್ಲು ತೋರಿಸಲು ಮಾತ್ರ ಇಲ್ಲ.) ಹದಿನೆಂಟು ವರ್ಷಗಳಿಂದ ಆಕೆ ಎರಡು ಬಸ್ಸು ಬದಲಿಸಿ, ಊರಿನ ಆಚೆ ತುದಿಯ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತಿದ್ದರು. "ಅಳಿಯಂದ್ರ ಕ್ಲಿನಿಕ್ಕು ಇಲ್ಲೇ ಪಕ್ಕದ ಬೀದೀಲಿದೆಯಲ್ಲ" ಎಂದು ಯಾರಾದರೂ ಕೇಳಿದರೆ, "ಇದೆ, ಪಾಪ" ಎನ್ನುತ್ತಿದ್ದರು. ಡಾಕ್ಟರಿಗೆ ಅತ್ತೆ ಬಾರದಿದ್ದದ್ದಕ್ಕಿಂತ ಆ 'ಪಾಪ'ವೇ ಹೆಚ್ಚು ಉರಿಯುತ್ತಿತ್ತು.

ಹೀಗಿರುವಾಗ ಅತ್ತೆ ಹತ್ತು ದಿನದ ಮಟ್ಟಿಗೆ ಹಿರಿಮಗಳ ಮನೆಗೆ ಹೊರಟರು. ತಮ್ಮ ಕರಿ ಬೆಕ್ಕು ಮಸಿಯನ್ನು ಅಳಿಯನ ಮನೆಯಲ್ಲಿ ಬಿಟ್ಟು ಹೋದರು. ಡಾಕ್ಟರು ಆಗಷ್ಟೇ ಹೊಸ ಕ್ಯಾಮೆರಾ ಕೊಂಡಿದ್ದರು. ತಲೆಯಲ್ಲಿ ಮಹಾಯೋಜನೆಯೊಂದು ಮೊಳೆಯಿತು. ಮಸಿಯ ಭಾವಚಿತ್ರ ತೆಗೆದು, ಕಟ್ಟು ಹಾಕಿಸಿ ಅತ್ತೆಯ ಕೈಗಿಡುವುದು. ಆನಂದಬಾಷ್ಪ ಸುರಿಸಿದ ಅತ್ತೆ ಮರುದಿನವೇ ಬಂದು ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗುವುದು.

ಆದರೆ ಡಾಕ್ಟರಿಗೆ ಅಭ್ಯಾಸವಿದ್ದದ್ದು ಕುರ್ಚಿಗೆ ಒರಗಿಸಿದರೆ ಜೀವ ಕೈಯಲ್ಲಿ ಹಿಡಿದು ಅಲ್ಲಾಡದೆ ಬಿದ್ದಿರುವ ಪ್ರಾಣಿಗಳು. ಮಸಿ ಆ ಜಾತಿಯದಲ್ಲ. ಮೊದಲ ದಿನದ ಇನ್ನೂರು ಫೋಟೋಗಳಲ್ಲಿ ಸೋಫಾ ದಿವ್ಯವಾಗಿ ಬಂದಿತ್ತು. ಅದರ ಮುಂದೆ ಯಾರೋ ಒರೆಸುಬಟ್ಟೆ ಎಳೆದ ಹಾಗೆ ಒಂದು ಗೆರೆ. ಆ ಗೆರೆಯೇ ಮಸಿ.

"ಅಪ್ಪ, ಶಟರ್ ನಿಧಾನ ಇಟ್ಟಿದ್ದೀಯ. ಅದು ಮುಚ್ಚೋ ಅಷ್ಟರಲ್ಲಿ ಬೆಕ್ಕು ಅಡುಗೆಮನೆಗೆ ಹೋಗಿರುತ್ತೆ" ಎಂದಳು ಕ್ಯಾಮೆರಾದ ಕೈಪಿಡಿ ಓದಿದ್ದ ಮಗಳು. (ಡಾಕ್ಟರು ಕೈಪಿಡಿ ಓದಿರಲಿಲ್ಲ. ಅದು ರೋಗಿಗಳು ಓದುವಂಥದ್ದು.)

ಶಟರ್ ಚುರುಕಾಯಿತು. ಬೆಕ್ಕು ನಿಂತಿತು, ಆದರೆ ಬಣ್ಣ ಕೊಂಚ ಮಾಸಿದಂತೆ ಬಂತು. ಮಗಳು ಮತ್ತೆ ಕೈಪಿಡಿ ತೆರೆದಳು. "ಕರೀ ಬೆಕ್ಕು ಕಂಡ್ರೆ ಕ್ಯಾಮೆರಾ ಕತ್ತಲೆ ಅಂದ್ಕೊಂಡು ತಾನಾಗೇ ಬೆಳಕು ಜಾಸ್ತಿ ಮಾಡುತ್ತಂತೆ. ನಾವು ಮೈನಸ್ ಕಡೆ ತಿರುಗಿಸಿ ಕಡಿಮೆ ಮಾಡ್ಬೇಕು."

"ಇಪ್ಪತ್ತೆರಡು ವರ್ಷದಿಂದ ಜನರ ಬಾಯೊಳಗೆ ಬೆಳಕು ಬಿಡ್ತಿದ್ದೀನಿ" ಎಂದರು ಡಾಕ್ಟರು. "ಕಪ್ಪಗಿರೋ ಕಡೆ ಬೆಳಕು ಕಡಿಮೆ ಮಾಡು ಅಂತ ನನಗೆ ಹೇಳ್ಕೊಡ್ತೀಯಾ?"

ಗುಂಡಿಯನ್ನು ಪ್ಲಸ್ ಕಡೆಗೆ ತಿರುಗಿಸಿದರು. ಒಂದೊಂದು ಮೀಸೆಕೂದಲೂ ಎಣಿಸುವಂತೆ ಬಂತು. ಬೆಕ್ಕು ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಡಾಕ್ಟರಿಗೆ ಅದು ಕಾಣಲಿಲ್ಲ. ಅವರು ಮೀಸೆ ನೋಡುತ್ತಿದ್ದರು. ಇನ್ನೂ ಸ್ಪಷ್ಟವಾಗಲೆಂದು ಆರನೆಯ ದಿನ ಕ್ಲಿನಿಕ್ಕಿನ ದೊಡ್ಡ ದೀಪವನ್ನೇ ಹೊತ್ತು ತಂದು ಮಸಿಯ ಮುಖಕ್ಕೆ ಬಿಟ್ಟರು. ಮಸಿ ಒಂದೇ ನೆಗೆತಕ್ಕೆ ಕಿಟಕಿ ದಾಟಿ ಬೀದಿಗೆ ಬಿತ್ತು. ಕತ್ತಲಾದರೂ ಮನೆಗೆ ಬರಲಿಲ್ಲ.

ಹೆಂಡತಿ ಅತ್ತೂ ಅತ್ತು ಕೊನೆಗೆ ಕಣ್ಣೊರೆಸಿಕೊಂಡಳು. "ಪೋಸ್ಟರ್ ಅಂಟಿಸೋಣ. ಒಂದು ಫೋಟೋ ಕೊಡಿ."

"ನನ್ನ ಫೋನಲ್ಲೊಂದಿದೆ" ಎಂದಳು ಮಗಳು.

"ಫೋನಲ್ಲಿ ತೆಗೆದದ್ದನ್ನ ಫೋಟೋ ಅನ್ನಲ್ಲ" ಎಂದು ಡಾಕ್ಟರು ತಮ್ಮ ಎಂಟುನೂರರಲ್ಲಿ ಒಂದನ್ನು ಆರಿಸಿದರು.

"ಇದು ನಮ್ಮ ಮಸಿ ಅಲ್ಲ ಕಣ್ರೀ. ಯಾವುದೋ ಬೂದಿಗುಡ್ಡೆ."

"ಮೀಸೆ ನೋಡು" ಎಂದರು ಡಾಕ್ಟರು. ಫೋಟೋ ಇಷ್ಟು ಚೆನ್ನಾಗಿರುವಾಗ ವರ್ಣನೆ ಬೇರೆ ಯಾಕೆಂದು, ಕೆಳಗೆ 'ಬೆಕ್ಕು ಕಾಣೆಯಾಗಿದೆ' ಎಂದಷ್ಟೇ ಬರೆದು ಕ್ಲಿನಿಕ್ಕಿನ ನಂಬರು ಕೊಟ್ಟರು.

ಜನ ಒಳ್ಳೆಯವರು. ಮೂರು ದಿನದಲ್ಲಿ ಐದು ಬೆಕ್ಕು ತಂದುಕೊಟ್ಟರು, ಐದೂ ಬೂದಿ ಬಣ್ಣದವು. ಅವುಗಳಲ್ಲೊಂದು ರೋಗಿಯೊಬ್ಬನ ತೊಡೆಯ ಮೇಲೆ ಹತ್ತಿ ಕೂತಿತು. ಹಲ್ಲು ಕೀಳಿಸಿಕೊಳ್ಳಲು ಬಂದಿದ್ದ ಆತ ನೋವೇ ಹೋಯಿತೆಂದು ಎದ್ದು ನಡೆದ.

ಹತ್ತನೆಯ ದಿನ ಅತ್ತೆ ಬಂದಿಳಿದರು. ಅವರ ತೋಳಿನಲ್ಲಿ ಮಸಿ.

"ಎಲ್ಲಿ ಸಿಕ್ತಮ್ಮಾ?" ಎಂದು ಹೆಂಡತಿ ಓಡಿ ಬಂದಳು.

"ಮೂಲೆಯ ಇಸ್ತ್ರಿ ಅಂಗಡೀಲಿ. ಬಿಸಿ ಬಟ್ಟೆ ಮೇಲೆ ಮಲಗಿತ್ತು. ಇವರ ಪೋಸ್ಟರ್ ಅದೇ ಅಂಗಡಿ ಬಾಗಿಲ ಮೇಲಿದೆ. ಯಾಕಪ್ಪಾ ಹೇಳಲಿಲ್ಲ ಅಂತ ಅಂಗಡಿಯವನನ್ನ ಕೇಳಿದೆ. 'ಡಾಕ್ಟ್ರು ಬೂದಿ ಬೆಕ್ಕು ಹುಡುಕ್ತಿದ್ದಾರಮ್ಮ, ಇದು ಕರೀದು' ಅಂದ."

ಡಾಕ್ಟರಿಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ತಲೆ ತಗ್ಗಿಸಿ ನಿಂತ ಅವರನ್ನು ಅತ್ತೆ ಕನಿಕರದಿಂದಲೇ ನೋಡಿದರು.

"ಅಳಿಯಂದ್ರೇ, ನನ್ನ ದವಡೆ ಹಲ್ಲೊಂದು ಕಪ್ಪಾಗಿದೆ. ಎರಡು ಬಸ್ಸು ಹತ್ತೋಕೆ ಈಗ ಆಗಲ್ಲ. ಇನ್ನು ನಿಮಗೇ ತೋರಿಸೋಣ ಅಂತ ದಾರಿಯುದ್ದಕ್ಕೂ ಯೋಚಿಸ್ಕೊಂಡು ಬಂದೆ."

ಡಾಕ್ಟರು ತಲೆ ಎತ್ತಿದರು.

"ಆ ಪೋಸ್ಟರ್ ನೋಡೋವರೆಗೂ" ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಅವರನ್ನು ಕಾರಿನಲ್ಲಿ ಊರಿನ ಆಚೆ ತುದಿಯ ಡಾಕ್ಟರ ಬಳಿಗೆ ಕರೆದೊಯ್ದವರು ಇವರೇ. ಅತ್ತೆ ಒಳಗೆ ಹೋದರು. ಇವರು ಹೊರಗಿನ ಬೆಂಚಿನಲ್ಲಿ ಕೂತರು. ಎದುರು ಗೋಡೆಯ ಮೇಲೆ, ಚೆಂದದ ಕಟ್ಟಿನೊಳಗೆ, ಇದ್ದಿಲಿನಷ್ಟು ಕಪ್ಪಾಗಿ ಮಸಿ ಕೂತಿತ್ತು. ಕೆಳಗೆ ಅತ್ತೆಯ ಕೈಬರಹ: 'ನಮ್ಮ ಡಾಕ್ಟರಿಗೆ, ನಾನೇ ಫೋನಿನಲ್ಲಿ ತೆಗೆದದ್ದು.'