ಗುಡುಗಣ್ಣನ ಇಪ್ಪತ್ತೆರಡು ವರ್ಷ

ಬಾಯಿ ತೆರೆದು ಮಲಗಿದವರ ಜೊತೆ ವಾದ ಮಾಡುವುದು ಹಲ್ಲಿನ ಡಾಕ್ಟರ ಹಳೆಯ ಚಾಳಿ. ಎದುರುತ್ತರ ಬರುವುದಿಲ್ಲ ಎಂಬ ಧೈರ್ಯ. ಮನೆಯಲ್ಲಿ ಆಡಲಾಗದ ಮಾತುಗಳನ್ನೆಲ್ಲ ಅವರು ರೋಗಿಗಳ ಬಾಯೊಳಗೆ ಸುರಿಯುತ್ತಿದ್ದರು.

ಆ ದಿನ ಬೆಳಿಗ್ಗೆ ಕುರ್ಚಿಯಲ್ಲಿ ಮಲಗಿದ್ದವರು ಮಾತ್ರ ಅಂತಿಂಥವರಲ್ಲ. ಹೆಂಡತಿಯ ಸೋದರಮಾವ, ನಿವೃತ್ತ ಹೆಡ್‌ಮಾಸ್ಟರು. ಅವರು ಒಂದು ಮಾತು ಹೇಳಿದರೆ ನಿವೃತ್ತ ಮೇಷ್ಟರ ಇಡೀ ಸಂಘವೇ ಬಾಯಿ ತೆರೆದುಕೊಂಡು ಬರುತ್ತಿತ್ತು. ಎದುರುಗಡೆ ಗಾಜಿನ ಬಾಗಿಲಿನ ಹೊಸ ಡೆಂಟಲ್ ಕ್ಲಿನಿಕ್ ಶುರುವಾದ ಮೇಲೆ ಡಾಕ್ಟರಿಗೆ ಉಳಿದಿದ್ದ ಆಧಾರವೇ ಈ ಸಂಘ.

ಮೂಲೆಯ ರೇಡಿಯೋದಲ್ಲಿ ಗುಡುಗಣ್ಣನ ಹಾಡು ಬಂತು. ಆ ದಪ್ಪ ದನಿಯ ಗಾಯಕನಿಗೆ ಅಭಿಮಾನಿಗಳು ಇಟ್ಟ ಹೆಸರು ಅದು. ಮಾವನ ಮುಖ ಅರಳಿತು.

"ಇಪ್ಪತ್ತೆರಡು ವರ್ಷ, ಅಳಿಯಂದ್ರೇ. ವರ್ಷಕ್ಕೊಂದು ಆಲ್ಬಂ. ಒಂದೇ ಒಂದು ವರ್ಷ ತಪ್ಪಿಸಿದೋನಲ್ಲ. ಶಿಸ್ತು ಅಂದ್ರೆ ಅದು. ಮೈ ಸುಡೋ ಜ್ವರದಲ್ಲೂ ನಾನು ಸ್ಕೂಲು ತಪ್ಪಿಸದೇ ಇದ್ದಿದ್ದು ಅವನನ್ನ ನೋಡಿಯೇ."

ಇಂಜೆಕ್ಷನ್ ಕೊಟ್ಟು, ತುಟಿ ಮರಗಟ್ಟಿ, ದವಡೆ ಹಲ್ಲು ಅರ್ಧ ಕೊರೆದಾದ ಮೇಲೆ ಡಾಕ್ಟರ ನಾಲಿಗೆ ತುರಿಸಿತು.

"ಒಂದು ವರ್ಷ ತಪ್ಪಿದೆ ಮಾವ. ಎಂಬತ್ತೆಂಟರಲ್ಲೇ ಎರಡು ಬಂತು. ಜನವರಿಗೊಂದು, ಡಿಸೆಂಬರಿಗೊಂದು. ಎಂಬತ್ತೊಂಬತ್ತು ಖಾಲಿ. ಆಲ್ಬಂ ಇಪ್ಪತ್ತೆರಡು ಹೌದು, ಆದರೆ ಸರಪಳಿ ಮಧ್ಯದಲ್ಲಿ ಕಿತ್ತಿದೆ."

ಮಾವ "ಆಆ" ಎಂದರು. ನೋವಿರಬೇಕೆಂದು ಡಾಕ್ಟರು ಇನ್ನೊಂದು ಇಂಜೆಕ್ಷನ್ ಚುಚ್ಚಿದರು. ಮಾವ ಅವರ ಕೈ ತಳ್ಳಿ ಎದ್ದು ಕೂತರು. ಕುಕ್ಕರಿನಿಂದ ಹೊರಟ ಹಬೆಯಂತೆ ಮಾತು ಬಂತು.

"ತಫ್ಫು. ಶುದ್ಧ ತಫ್ಫು. ಅವನು ತಫ್ಫಿಸಿಲ್ಲ."

"ಮಾವ, ಹಲ್ಲು ತೆರೆದಿದೆ, ಮಲಕ್ಕೊಳ್ಳಿ."

"ತಫ್ಫು ಅಂತ ಒಫ್ಫಿಕೊಳ್ಳೋವರೆಗೂ ನಾನು ಭಾಯಿ ತೆಗೆಯಲ್ಲ."

ಕೊರೆದ ಹಲ್ಲಿಗೆ ಹತ್ತಿ ತುರುಕಿಕೊಂಡು, ಕತ್ತಿಗೆ ಕಟ್ಟಿದ್ದ ನೀಲಿ ಬಿಬ್ಬನ್ನೂ ಬಿಚ್ಚದೆ, ಅವರು ಬೆತ್ತ ಹಿಡಿದವರ ಗತ್ತಿನಲ್ಲಿ ಮೆಟ್ಟಿಲಿಳಿದು ಹೋದರು.

ಹೊರಗೆ ಕಾಯುತ್ತಿದ್ದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೆನ್ನೆ ಊದಿದ ಬಸ್ ಕಂಡಕ್ಟರು ತಮ್ಮ ನೋವು ಮರೆತು ಹೇಳಿದರು:

"ಒಂದು ವರ್ಷ ತಾನೆ ಡಾಕ್ಟ್ರೇ, ಬಿಟ್ಟುಕೊಟ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಪಕ್ಕದಲ್ಲಿದ್ದ ಟೈಲರಮ್ಮ ಒಪ್ಪಲಿಲ್ಲ. "ಮೇಷ್ಟರು ಬಾಯಿ ಮಾತಿಗೆ ಬಗ್ಗಲ್ಲ. ಸಾಕ್ಷಿ ತೋರಿಸ್ಬೇಕು. ಕೆಳಗಡೆ ರೇಡಿಯೋ ರಿಪೇರಿಯವರ ಹತ್ರ ಗುಡುಗಣ್ಣನ ಅಷ್ಟೂ ಕ್ಯಾಸೆಟ್ ಇದೆ."

ಅಷ್ಟರಲ್ಲಿ ಹೆಂಡತಿಯ ಫೋನು. "ಮಾವ ಬಿಬ್ ಕಟ್ಕೊಂಡು ರಸ್ತೇಲಿ ಹೋಗ್ತಿದ್ದಾರೆ ಅಂತ ಮೂರು ಜನ ಹೇಳಿದ್ರು. ಏನ್ರೀ ಮಾಡಿದ್ರಿ ಅವರಿಗೆ?"

"ಒಂದು ಸಣ್ಣ ಚರ್ಚೆ."

"ಚರ್ಚೆ ಮಾಡೋಕೆ ನನ್ನ ಮಾವನೇ ಬೇಕಿತ್ತಾ? ಅದೇನು ಮಾಡ್ತೀರೋ ಗೊತ್ತಿಲ್ಲ, ಒಪ್ಪಿಸಿ ವಾಪಸ್ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ನೀವೂ ಬರ್ಬೇಡಿ."

ಮರಗಟ್ಟಿದ್ದು ಇಳಿಯಲು ಹೆಚ್ಚೆಂದರೆ ಎರಡು ಗಂಟೆ. ಆಮೇಲೆ ಆ ಹಲ್ಲು ಏನು ಹಾಡುತ್ತದೆಂದು ಡಾಕ್ಟರಿಗೆ ಗೊತ್ತಿತ್ತು. ಕೆಳಗೆ ಓಡಿದರು.

ರೇಡಿಯೋ ರಿಪೇರಿಯವರು ಕಬ್ಬಿಣದ ಟ್ರಂಕಿನಿಂದ ಕ್ಯಾಸೆಟ್ಟುಗಳನ್ನು ಹಸುಗೂಸು ಎತ್ತುವಂತೆ ಎತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಹನ್ನೆರಡನೆಯದರ ಕವರಿನ ಮೇಲೆ 1988. ಹದಿಮೂರನೆಯದರ ಮೇಲೂ 1988. ಹದಿನಾಲ್ಕಕ್ಕೆ 1990. ಡಾಕ್ಟರು ಹೇಳಿದ್ದು ಅಕ್ಷರಶಃ ಸರಿ.

ಎದೆ ಉಬ್ಬಿತು. ಮರುಕ್ಷಣವೇ ಟಯರಿಗೆ ಮೊಳೆ ಹೊಕ್ಕಂತೆ ಇಳಿದುಹೋಯಿತು. ಇದನ್ನು ತೋರಿಸಿದರೆ ಮಾವ ಸೋಲುತ್ತಾರೆ. ಸೋತ ಹೆಡ್‌ಮಾಸ್ಟರು ಈ ಜನ್ಮದಲ್ಲಿ ತಮ್ಮ ಮುಂದೆ ಬಾಯಿ ತೆರೆಯುತ್ತಾರೆಯೇ?

"ಹದಿಮೂರನೇದರ ಕವರ್ ಒಂದೆರಡು ಗಂಟೆ ಕೊಡಿ," ಎಂದರು.

"ನನ್ನ ಸ್ವಂತ ತಮ್ಮನಿಗೇ ಕೊಟ್ಟಿಲ್ಲ."

"ನಿಮ್ಮ ಕಾಲು ಹಿಡ್ಕೋತೀನಿ."

"ಕಾಲು ಬೇಡ. ಆ ಬಿಳಿ ಕೋಟು ಬಿಚ್ಚಿಟ್ಟು ಹೋಗಿ."

ಕೋಟಿಲ್ಲದೆ ಮೇಲೆ ಬಂದ ಡಾಕ್ಟರು ಬಾಗಿಲು ಹಾಕಿಕೊಂಡರು. ದೊಡ್ಡ ದೀಪ ಹಚ್ಚಿ, ಕಣ್ಣಿಗೆ ಭೂತಗನ್ನಡಿ ಏರಿಸಿ, ಹಲ್ಲಿನ ಕಿಟ್ಟ ತೆಗೆಯುವ ಚೂಪು ಸಲಾಕೆಯನ್ನು ಕೈಗೆತ್ತಿಕೊಂಡರು. ಕೊನೆಯ ಎಂಟರ ಕೆಳಗಿನ ಸುತ್ತಿನಲ್ಲಿ, ಎಡಗಡೆಯ ಚೂರು ಗೆರೆಯನ್ನು ಉಸಿರು ಬಿಗಿಹಿಡಿದು ಕೆರೆದರು. ಎಂಟು ಒಂಬತ್ತಾಯಿತು. ಇಷ್ಟು ನಾಜೂಕಾದ ಕೆಲಸವನ್ನು ಅವರು ಯಾವ ಹಲ್ಲಿಗೂ ಮಾಡಿರಲಿಲ್ಲ. ಒಳಗೆಲ್ಲೋ ಚುಚ್ಚಿದ್ದು ನಿಜ. ಆದರೆ ಗಡಿಯಾರದ ಮುಳ್ಳು ಅದಕ್ಕಿಂತ ಜೋರಾಗಿ ಚುಚ್ಚುತ್ತಿತ್ತು.

ಮಾವನ ಮನೆ ಎರಡು ಬೀದಿ ಆಚೆ. ಡಾಕ್ಟರು ಏದುಸಿರು ಬಿಡುತ್ತಾ ತಲುಪಿದಾಗ ಮಾವ ಬಾಗಿಲಲ್ಲೇ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಒಂದು ಕೈ ದವಡೆಯ ಮೇಲಿತ್ತು. ಅಳಿಯನನ್ನು ಕಂಡು ಏನೋ ಹೇಳಲು ಹೊರಟರು.

"ನೀವು ಮಾತಾಡಲೇಬೇಡಿ ಮಾವ," ಡಾಕ್ಟರು ಕವರನ್ನು ಅವರ ಕೈಗೆ ತುರುಕಿದರು. "ತಪ್ಪು ನಂದೇ. ನೋಡಿ, ಎಂಬತ್ತೊಂಬತ್ತು ಅಂತ ಅಚ್ಚಾಗಿದೆ. ಇಪ್ಪತ್ತೆರಡು ವರ್ಷ, ಒಂದೂ ತಪ್ಪಿಲ್ಲ. ನಡೀರಿ, ಹಲ್ಲು ಮುಗಿಸಿಬಿಡೋಣ."

ಮಾವ ಕವರನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಬೆಳಕಿಗೆ ಓರೆಯಾಗಿ ತಿರುಗಿಸಿದರು. ಆಮೇಲೆ ಉಗುರಿನಿಂದ ಆ ಒಂಬತ್ತನ್ನು ಮೆಲ್ಲಗೆ ಸವರಿದರು. ಮರಗಟ್ಟಿದ್ದು ಇಳಿದಿತ್ತು, ಮಾತು ಸ್ಪಷ್ಟವಾಗಿ ಬಂತು.

"ಮೂವತ್ತು ವರ್ಷ ಮಕ್ಕಳು ತಿದ್ದಿದ ಅಂಕಪಟ್ಟಿ ನೋಡಿದ ಕಣ್ಣು ಇದು, ಅಳಿಯಂದ್ರೇ."

ಡಾಕ್ಟರ ಬಾಯಿ ತಾನಾಗಿ ತೆರೆದುಕೊಂಡಿತು.

"ಮನೆಗೆ ಬಂದವನೇ ನನ್ನ ಹಳೇ ಡೈರಿಗಳನ್ನ ತೆಗೆದೆ. ಅವನ ಕ್ಯಾಸೆಟ್ ಕೊಂಡ ದಿನ ಎಲ್ಲಾ ಬರೆದಿಟ್ಟಿದ್ದೆ. ಎಂಬತ್ತೊಂಬತ್ತರ ಡೈರಿಯಲ್ಲಿ ಒಂದೂ ಇಲ್ಲ. ನೀವು ಹೇಳಿದ್ದೇ ಸರಿ. ಅದನ್ನ ಒಪ್ಪಿಕೊಂಡು, ನಿಮ್ಮ ಕೈಲೇ ಹಲ್ಲು ಮಾಡಿಸ್ಕೊಳ್ಳೋಣ ಅಂತ ಈಗ ಹೊರಟಿದ್ದೆ."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಮಾವ. ನಾನು ಹೇಳಿದ್ದು ಸರಿ ಇತ್ತು."

"ಇತ್ತು. ಸರಿ ಉತ್ತರ ಬರೆದು, ಹೆದರಿ ಹೊಡೆದು ಹಾಕಿದ ಹುಡುಗನಿಗೆ ನಾನು ಯಾವತ್ತೂ ಮಾರ್ಕ್ಸ್ ಕೊಟ್ಟಿಲ್ಲ." ಮಾವ ಕವರನ್ನು ವಾಪಸು ಕೊಟ್ಟು ಎದ್ದು ನಿಂತರು. "ನನ್ನನ್ನ ಮೆಚ್ಚಿಸೋಕೆ ಇಸವಿ ತಿದ್ದಿದೋರು, ಈ ಹಲ್ಲು ಹುಳುಕಾಗಿದೆ ಅಂದಿದ್ದು ಯಾರನ್ನ ಮೆಚ್ಚಿಸೋಕೆ ಅಂತ ನನಗೀಗ ಅನುಮಾನ. ಆ ಗಾಜಿನ ಬಾಗಿಲಿನೋರ ಹತ್ರ ಒಂದು ಸಲ ತೋರಿಸ್ಕೊಂಡು ಬರ್ತೀನಿ."

ಅವರು ದವಡೆ ಹಿಡಿದುಕೊಂಡು ಗೇಟು ದಾಟಿದರು. ಕೈಯಲ್ಲಿ ಹಾಳಾದ ಕವರು ಹಿಡಿದು ನಿಂತ ಡಾಕ್ಟರಿಗೆ ಹಿಂದಿನಿಂದ ಯಾರೋ ಕೆಮ್ಮಿದ್ದು ಕೇಳಿಸಿತು. ಬಾಗಿಲ ಮರೆಯಲ್ಲಿ ಮಾವನ ಹೆಂಡತಿ, ಅತ್ತೆ, ನಿಂತಿದ್ದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಬಹಳ ಸಂಕೋಚದಿಂದ ಕೇಳಿದರು:

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಹೋದ ತಿಂಗಳು ನನ್ನ ಎರಡು ಹಲ್ಲು ಕಿತ್ರಲ್ಲ, ಅವು ನಿಜವಾಗ್ಲೂ ಕೆಟ್ಟಿದ್ವಾ?"