ಕುಂಕುಮ ಹಚ್ಚಿದ ಕಾರ್ಡು

ತಾಳಿ ಕಟ್ಟಿದ ಕೂಡಲೇ ಮದುವೆಗೆ ಬಂದವರೆಲ್ಲ ಊಟಕ್ಕೆ ಓಡುತ್ತಾರೆ. ವಿಡಿಯೋ ತೆಗೆಯುವ ನನ್ನ ಜೀವ ಮಾತ್ರ ಅಂಚೆಚೀಟಿಯಷ್ಟು ಅಗಲದ ಮೆಮೊರಿ ಕಾರ್ಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅದರಲ್ಲಿರುವುದು ಕಂಪ್ಯೂಟರಿಗೆ ಕಾಪಿ ಆಗುವ ತನಕ ಏನಾದರೊಂದು ಆಗುತ್ತಲೇ ಇರುತ್ತದೆ. ಹೈದರಾಬಾದಿನಲ್ಲಿ ಇಷ್ಟು ವರ್ಷ ಕ್ಯಾಮರಾ ಹೊತ್ತರೂ ಏನೂ ಆಗದ ಮದುವೆ ನನಗೆ ಒಂದೂ ಸಿಕ್ಕಿಲ್ಲ.

ಎರಡು ಸಲ

ಪಟಾನ್‌ಚೆರುವಿನಲ್ಲೊಂದು ಮದುವೆ. ಜೊತೆಗಿದ್ದ ಇನ್ನೊಬ್ಬ ಕ್ಯಾಮರಾದವರು ತೆಲುಗಿನವರು, ನನಗಿಂತ ಹಿರಿಯರು. ಬೆಳಗಿನ ಕಾರ್ಡನ್ನು ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಳ್ಳಲು ಅವರಿಗೆ ಹೇಳಿ ಮಂಟಪಕ್ಕೆ ಹೋದೆ. ಗಂಟೆ ಬಿಟ್ಟು ಬಂದು, ಮುಗಿಯಿತಾ ಎಂದು ತಿಳಿಯಲು ಅವರ ತೆಲುಗಿನಲ್ಲೇ, "ಕಾಪಿ ಅಯಿಂದಾ?" ಎಂದು ಕೇಳಿದೆ.

"ಅಯಿಂದಿ ಸಾರ್, ರೆಂಡು ಸಾರ್ಲು."

ಎರಡು ಸಲ ಆಗಿದೆ! ಎಂಥ ಜವಾಬ್ದಾರಿಯ ಮನುಷ್ಯ ಎಂದು ಎದೆ ತುಂಬಿ ಬಂತು. ಕಾರ್ಡನ್ನು ಕ್ಯಾಮರಾಕ್ಕೆ ಹಾಕಿ, ಅದರಲ್ಲಿದ್ದುದನ್ನೆಲ್ಲ ಒರೆಸಿಬಿಡಲು ಗುಂಡಿಯ ಮೇಲೆ ಬೆರಳಿಟ್ಟೆ. ಮಾತಿಗೆ ಇರಲಿ ಎಂದು, ಹೇಗೆ ಬಂದಿದೆ ಎನ್ನುವ ಅರ್ಥದಲ್ಲಿ, "ಎಟ್ಲುಂದಿ?" ಎಂದೆ.

"ಬಾಗುಂದಿ ಸಾರ್. ಶಕ್ಕೆರ ಮಾತ್ರಂ ಎಕ್ಕುವೈಂದಿ."

ಗುಂಡಿಯ ಮೇಲಿನ ಬೆರಳನ್ನು ಚಕ್ಕನೆ ಹಿಂದಕ್ಕೆಳೆದೆ. ಪುಣ್ಯಾತ್ಮರು ಎರಡು ಸಲ ಕುಡಿದಿದ್ದ ಕಾಫಿಗೆ ಸಕ್ಕರೆ ಜಾಸ್ತಿಯಾಗಿತ್ತಂತೆ.

ಇನ್ನೂ ಕುಂಕುಮ ಆಗಿಲ್ಲ

ಈ ಕಥೆ ಕೇಳಿದ ನನ್ನ ಹೆಂಡತಿ, "ನಾಳಿಂದ ಕಾರ್ಡು ನನ್ನ ಕೈಯಾಗ ಕೊಡ್ರಿ," ಎಂದಳು. ಕುಷಾಯಿಗೂಡದ ನಮ್ಮ ಮನೆಯಲ್ಲಿ ಅಂದಿನಿಂದ ಹೊಸ ಕಾನೂನು. ತುಂಬಿ ಬಂದ ಕಾರ್ಡಿಗೆ ಅರಿಶಿನದ ಬೊಟ್ಟು. ಕಾಪಿ ಆದ ಮೇಲೆ ಪಕ್ಕದಲ್ಲೇ ಕುಂಕುಮದ ಬೊಟ್ಟು. ಕುಂಕುಮ ಕಂಡರೆ ಮಾತ್ರ ನಾನು ಒರೆಸಬೇಕು.

ನವರಾತ್ರಿಯಲ್ಲಿ ಲಿಂಗಂಪಲ್ಲಿಯ ಕನ್ನಡದವರ ಮನೆಯಲ್ಲಿ ಲಗ್ನವಾಯಿತು. ಮದುಮಗಳ ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಬೀಗರನ್ನು ಹಾಡಿನಲ್ಲೇ ಬೈದು ಎಲ್ಲರನ್ನೂ ನಗಿಸಿದ್ದರು. ಆ ಕಾರ್ಡು ಮನೆಗೆ ಬರುವುದಕ್ಕೂ ನಮ್ಮ ಕಂಪ್ಯೂಟರು ರಿಪೇರಿಗೆ ಹೋಗುವುದಕ್ಕೂ ಸರಿಹೋಯಿತು. ಮೂರನೇ ದಿನ ಮದುಮಗಳ ತಾಯಿಯ ಫೋನು.

"ನಮ್ಮವ್ವನ ಹಾಡು ಚಲೋ ಬಂದೈತೇನ್ರಿ? ಎಲ್ಲೀ ತನಕ ಬಂತು ಕೆಲಸ?"

ಹೆಂಡತಿ ಹೋಳಿಗೆ ಬೇಯಿಸುತ್ತಲೇ, "ಅರಿಶಿನ ಆಗೇತ್ರಿ. ಕುಂಕುಮ ಇನ್ನೂ ಆಗಿಲ್ಲ," ಎಂದಳು.

ಆ ಕಡೆ ತಾಯಿ ಹೌಹಾರಿದರು. "ಏನ್ರೀ ಇದು! ಹುಡುಗಿ ಅತ್ತಿ ಮನಿ ಸೇರಿ ಮೂರು ದಿನ ಆತು!"

ಬಂಗಾರ

ಅದೇ ದಿನ ಆಯುಧಪೂಜೆ. ನಮ್ಮ ಜೊತೆಗೇ ಇರುವ ನನ್ನ ಅವ್ವನ ಕೈಯಿಂದ ಮನೆಯಲ್ಲಿ ಏನೂ ತಪ್ಪಿಸಿಕೊಳ್ಳಲಿಲ್ಲ. ಕ್ಯಾಮರಾ, ಸ್ಟ್ಯಾಂಡು, ಮಿಕ್ಸಿ, ಕೊನೆಗೆ ಕಾರ್ಡಿನ ಡಬ್ಬಿ. ದುಡಿಯುವ ಸಾಮಾನು ಎಂದು ಎಲ್ಲ ಕಾರ್ಡಿಗೂ ಅರಿಶಿನ ಕುಂಕುಮ ಹಚ್ಚಿಬಿಟ್ಟಳು.

ನನಗೇನು ಗೊತ್ತು? ಮರುದಿನ ದಸರೆಯ ಗೃಹಪ್ರವೇಶಕ್ಕೆ ಹೋದೆ. ಕುಂಕುಮದ ಕಾರ್ಡೊಂದನ್ನು ಕ್ಯಾಮರಾಕ್ಕೆ ಹಾಕಿ ಒರೆಸಿದೆ. ಒಳಗೆ ಏನಿದೆ ಎಂದು ನೋಡಬಹುದಿತ್ತು. ಕುಂಕುಮ ಕಂಡ ಮೇಲೆ ಯಾರು ನೋಡುತ್ತಾರೆ?

ಸಂಜೆ ಹೆಂಡತಿ ಡಬ್ಬಿ ತೆರೆದು, ಎಲ್ಲ ಕಾರ್ಡಿನ ಮೇಲೂ ಕುಂಕುಮ ಕಂಡು ಕಿರುಚಿದಳು. ಉಳಿದ ಕಾರ್ಡುಗಳನ್ನೆಲ್ಲ ಕ್ಯಾಮರಾಕ್ಕೆ ಹಾಕಿ ನೋಡಿದೆವು. ಲಿಂಗಂಪಲ್ಲಿಯ ಲಗ್ನ ಯಾವುದರಲ್ಲೂ ಇಲ್ಲ. ಅಂದರೆ ಬೆಳಿಗ್ಗೆ ನಾನು ಒರೆಸಿದ್ದೇ ಅದು. ಲಗ್ನವನ್ನಾದರೂ ಮತ್ತೆ ನಟಿಸಿ ಎನ್ನಬಹುದು, ಆ ಅಜ್ಜಿಯ ಹಾಡನ್ನು ಎಲ್ಲಿಂದ ತರಲಿ? ನನಗೆ ಅಳುವೇ ಬಂತು.

ಅಷ್ಟರಲ್ಲಿ ನಮ್ಮವ್ವ ಬನ್ನಿ ಕೊಡಲು ಬಂದಳು. "ಬನ್ನಿ ತಗೊಂಡು ಬಂಗಾರದಂಗ ಇರೂಣಪ್ಪ," ಎಂದು ಅಂಗೈಯಲ್ಲಿ ಎಲೆ ಇಟ್ಟಳು. ಎಲೆಯ ಜೊತೆಗೊಂದು ಕಾರ್ಡೂ ಇತ್ತು!

"ಅವ್ವಾ, ಇದೆಲ್ಲಿತ್ತು?"

"ದೇವರ ಮುಂದ. ನಿನ್ನಿ ಪೂಜಿ ಮಾಡೂ ಮುಂದ 'ಇದರಾಗ ತುಂಬಿದ್ದು ಯಾವುದವಾ' ಅಂತ ಸೊಸೀನ್ನ ಕೇಳಿದೆ. 'ಬರೇ ಅರಿಶಿನ ಇದ್ದದ್ದು' ಅಂದ್ಲು. ಅದನ್ನ ತಗದು ದೇವರ ಮುಂದ ಇಟ್ಟೆ. ಖಾಲಿದು ಇಡಾಕ ಬರ್ತದೇನೋ?"

ಹೆಂಡತಿ ಹಣೆ ಬಡಿದುಕೊಂಡಳು. ಹೋಳಿಗೆಯ ಗಡಿಬಿಡಿಯಲ್ಲಿ ಹಾಗೆ ಹೇಳಿದ್ದೇ ಅವಳಿಗೆ ಮರೆತಿತ್ತು. ಕಾರ್ಡು ಹಾಕಿ ನೋಡಿದರೆ ಅಜ್ಜಿ ಬೀಗರನ್ನು ಬೈಯುತ್ತಲೇ ಇದ್ದರು. ನಾನು ಅವ್ವನ ಕಾಲಿಗೆ ಬಿದ್ದೆ.

ಆಗಲೇ ಮತ್ತೆ ಲಿಂಗಂಪಲ್ಲಿಯ ಫೋನು. "ನಮ್ಮ ವಿಡಿಯೋ ಈಗಾದ್ರೂ ಎಲ್ಲೀ ತನಕ ಬಂತ್ರೀ?"

ಹೆಂಡತಿ ಕಣ್ಣು ಒರೆಸಿಕೊಂಡು, "ದೇವರ ತನಕ ಹೋಗಿ ವಾಪಸ್ ಬಂದೈತ್ರಿ," ಎಂದಳು.