ಷಡ್ಡಕನ ಕಾಲಿಗೆ ನನ್ನ ಬ್ರೇಸು

ಮೂಳೆ ಮುರಿದವರಿಗೆ ಸಿಗುವ ಮರ್ಯಾದೆ ಲಿಗಮೆಂಟ್ ಹರಿದವರಿಗೆ ಸಿಗುವುದಿಲ್ಲ. ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಎಂಥವರಿಗೂ ಕಾಣುತ್ತದೆ, ನೋಡಲು ಬಂದವರು ಮೂಸಂಬಿ ತರುತ್ತಾರೆ. ಲಿಗಮೆಂಟ್ ಎಂದರೆ ಮಂಡಿಯೊಳಗೆ ಮೂಳೆಗೂ ಮೂಳೆಗೂ ಬಿಗಿದ ಹುರಿ. ಅದು ಹರಿದರೆ ಹೊರಗೆ ಒಂದಿಷ್ಟು ಊತ ಬಿಟ್ಟು ಬೇರೇನೂ ಕಾಣದು. ಅರಕಲಗೂಡಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ನಾನು ಮೇಷ್ಟರುಗಳ ವಾಲಿಬಾಲ್ ಪಂದ್ಯದಲ್ಲಿ ವಯಸ್ಸನ್ನು ಮರೆತು ಎಗರಿದೆ. ಇಳಿಯುವಾಗ ಕಾಲು ಅತ್ತ, ಮೈ ಇತ್ತ. ಮಂಡಿಯೊಳಗೆ ಎಳೇ ಬೀನ್ಸ್ ಮುರಿದಂಥ ಸದ್ದು. ಕುಂಟುತ್ತಾ ಮನೆಗೆ ಬಂದರೆ ಹೆಂಡತಿ ಸುಮಿತ್ರ, "ಉಳುಕಿರ್ಬೇಕು, ಎಣ್ಣೆ ಹಚ್ಕೊಳ್ಳಿ. ಹಂಗೇ ಹೋಗಿ ಒಂದು ಕಟ್ಟು ಸೊಪ್ಪು ತಂದ್ಬಿಡಿ" ಎಂದಳು.

ಸೊಪ್ಪು ತಂದ ಮೇಲೆ ಮಂಡಿ ಕುಂಬಳಕಾಯಿಯಾಯಿತು. ಹಾಸನದ ಡಾಕ್ಟರು ಸ್ಕ್ಯಾನ್ ಮಾಡಿಸಿ, "ಪೂರ್ತಿ ಹರಿದಿಲ್ಲ ಮೇಷ್ಟ್ರೇ. ಬ್ರೇಸ್ ಹಾಕ್ಕೊಂಡು ಹುಷಾರಾಗಿದ್ರೆ ಆಪರೇಷನ್ ಬೇಕಾಗಲ್ಲ" ಎಂದು ಒಂದು ಸಾಧನ ತೆಗೆದರು. ತೊಡೆಯಿಂದ ಮೀನಖಂಡದವರೆಗೆ ಕಪ್ಪು ಬಟ್ಟೆ, ಎರಡೂ ಬದಿಗೆ ಲೋಹದ ಪಟ್ಟಿ, ಮಂಡಿಯ ಹತ್ತಿರ ಬಾಗಿಲಿಗಿರುವಂಥ ಕೀಲು, ಮೇಲೆ ಕೆಳಗೆ ಅಂಟುಪಟ್ಟಿಗಳು. ಕಾಲು ಹಿಂದೆ ಮುಂದೆ ಮಡಚಬಹುದು, ಪಕ್ಕಕ್ಕೆ ವಾಲುವಂತಿಲ್ಲ. ಎಷ್ಟು ಮಡಚಬೇಕು ಎಂಬುದನ್ನೂ ಆ ಕೀಲಿನಲ್ಲೇ ಗೊತ್ತು ಮಾಡಿ ಕಳಿಸಿದರು. ಪ್ಯಾಂಟಿನ ಮೇಲೆ ಅದನ್ನು ಕಟ್ಟಿಕೊಂಡು ಹೊರಬಂದ ಗಳಿಗೆಯಿಂದ ನನ್ನ ನೋವಿಗೆ ಪುರಾವೆ ಸಿಕ್ಕಿತು. ಬಸ್ಸಿನಲ್ಲಿ ಕಂಡಕ್ಟರ್ ಯಾರನ್ನೋ ಎಬ್ಬಿಸಿ, "ಕೂತ್ಕಳಿ ಸಾ" ಎಂದ. ಶಾಲೆಯಲ್ಲಿ ಮೆಟ್ಟಿಲು ಹತ್ತುವ ತರಗತಿಗಳು ತಪ್ಪಿದವು. ಸುಮಿತ್ರ ಸೊಪ್ಪಿನ ಮಾತೆತ್ತಲಿಲ್ಲ. ಮಂಡಿ ವಾಸಿಯಾಗಿ ಬ್ರೇಸು ಬಿಚ್ಚಬಹುದೆಂದು ಡಾಕ್ಟರು ಹೇಳಿದ ದಿನ ಕೆಲಸದಿಂದ ನಿವೃತ್ತನಾದಷ್ಟೇ ಬೇಜಾರಾಯಿತು.

ಬ್ರೇಸು ಅಟ್ಟ ಸೇರಿದ ಕೆಲವು ದಿನಕ್ಕೆ ಹಿರೀಸಾವೆಯಿಂದ ಸುಮಿತ್ರಳ ತಂಗಿ ಪದ್ಮಳ ಫೋನು ಬಂತು. ಅವಳ ಗಂಡ ರಾಜಣ್ಣ ತೆಂಗಿನ ತೋಟದ ಕಾಲುವೆ ದಾಟುವಾಗ ಜಾರಿ ಮಂಡಿ ತಿರುಚಿಕೊಂಡಿದ್ದ. ಅವನಿಗೂ ಅದೇ ಡಾಕ್ಟರು, ಅದೇ ಬ್ರೇಸು. ಆದರೆ ಅವನ ಅಳತೆಯದು ಅಂಗಡಿಯಲ್ಲಿ ಇರಲಿಲ್ಲ. ಬರುವವರೆಗೆ ಸದ್ಯಕ್ಕೆ ನನ್ನದು ಕಟ್ಟಿಕೊಳ್ಳಬಹುದೆಂದು ಡಾಕ್ಟರೇ ಹೇಳಿದ್ದರಂತೆ. "ನೀವೇ ಹೋಗಿ ಕಟ್ಟಿ ತೋರಿಸ್ಬನ್ನಿ" ಎಂದಳು ಸುಮಿತ್ರ. ಆದರೆ ರಾಜಣ್ಣನಿಗೂ ನನಗೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಕಾರಣ ಹೇಳಿದರೆ ನಗುತ್ತೀರಿ. ಗೌರಿ ಹಬ್ಬಕ್ಕೆ ಹೊಳೆನರಸೀಪುರದ ಮಾವನವರ ಮನೆಗೆ ರಾಜಣ್ಣ ಹೊಸ ಕಾರು ತಂದಿದ್ದ. ಹೊರಡುವಾಗ ಓಣಿಯಲ್ಲಿ ರಿವರ್ಸ್ ತೆಗೆಯಬೇಕಿತ್ತು. ನಾನು ಹಿಂದೆ ನಿಂತು ದಾರಿ ತೋರಿಸುತ್ತಿದ್ದೆ. ಬಟ್ಟೆ ಒಗೆಯುವ ಕಲ್ಲು ಹತ್ತಿರ ಬಂದಾಗ "ಸಾಕು, ಸಾಕು" ಎಂದು ಕೂಗಿದೆ. ಕಾರು ನಿಲ್ಲದೆ ಹಿಂದೆ ಬಂದು ಕಲ್ಲಿಗೆ ಗುದ್ದಿತು. ಇಳಿದು ಬಂದ ರಾಜಣ್ಣ, "ನೀವೇ ಆಕು ಆಕು ಅಂದ್ರಲ್ಲಣ್ಣ, ಅದ್ಕೇ ಆಕ್ದೆ" ಎಂದ. ನಾನು ಹಾಕು ಅಲ್ಲ, ಸಾಕು ಎಂದದ್ದೆಂದು ಅಕ್ಷರ ಬಿಡಿಸಿ ಹೇಳಿದೆ. ಅವನು ಒಡೆದ ದೀಪ ನೋಡುತ್ತಾ, "ನೀವೇಳೋದು ಸ್ಕೂಲ್ ಮಕ್ಕಳಿಗೇ ತಿಳಿಯಲ್ವಂತೆ, ನಂಗೆಂಗೆ ತಿಳೀತದೆ" ಎಂದುಬಿಟ್ಟ. ಮಾವನವರ ಎದುರಿಗೇ. ಅಂದಿನಿಂದ ಅವನು ಬರುವ ಹಬ್ಬಕ್ಕೆ ನಾನಿಲ್ಲ, ನಾನು ಬರುವ ಹಬ್ಬಕ್ಕೆ ಅವನಿಲ್ಲ. ಅಕ್ಕತಂಗಿಯರು ಒಟ್ಟಿಗೆ ಹಬ್ಬ ಮಾಡದೆ ಹೋದದ್ದು ಮಾತ್ರ ನಿಜವಾದ ನಷ್ಟ.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಹಿರೀಸಾವೆ ತಲುಪಿದೆ. ರಾಜಣ್ಣ ಹಜಾರದ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದ. ನನ್ನನ್ನು ನೋಡಿದವನೇ ಅಡಿಗೆಮನೆಯ ಕಡೆ ತಿರುಗಿ, "ಪದ್ಮ, ಅವ್ರು ಬಂದವ್ರೆ, ಕೂತ್ಕಳಕ್ಕೇಳು" ಎಂದ. ನಾನೂ ಬಿಡಲಿಲ್ಲ. "ಪದ್ಮ, ಕಾಲು ಸ್ವಲ್ಪ ಮಡಚಲಿ ಅಂತ ಹೇಳಮ್ಮ" ಎಂದೆ. ಪಾಪ, ಪದ್ಮ ಸೌಟು ಹಿಡಿದುಕೊಂಡೇ ಇಬ್ಬರ ಮಾತನ್ನೂ ಅತ್ತಿಂದಿತ್ತ ಸಾಗಿಸಿದಳು.

ಬ್ರೇಸು ಕಟ್ಟುವುದು ದೂರ ಕುಳಿತು ಆಗುವ ಕೆಲಸವಲ್ಲ. ಅವನ ತೊಡೆಯ ಕೆಳಗೆ ಕೈ ಹಾಕಿ ಎತ್ತಬೇಕು, ಕೀಲು ಮಂಡಿಚಿಪ್ಪಿನ ಸಮಕ್ಕೆ ಬರಬೇಕು. ಅವನದೋ ತೆಂಗಿನ ಮರದಂಥ ಕಾಲು. ಮೇಲಿನ ಪಟ್ಟಿ ಸುತ್ತು ಬರುವ ಮೊದಲೇ ಮುಗಿಯಿತು. ಅದನ್ನು ಹಾಗೇ ಬಿಟ್ಟು ಮಂಡಿಯ ಕೆಳಗಿನ ಪಟ್ಟಿ ಹಿಡಿದು ಎಳೆದೆ. ರಾಜಣ್ಣ ಹಲ್ಲು ಕಚ್ಚಿಕೊಂಡು ಏನೋ ಅಂದ. ಇನ್ನಷ್ಟು ಎಳೆದೆ. ಮತ್ತೇನೋ ಅಂದ. ಮತ್ತೂ ಎಳೆದಾಗ ನನ್ನ ಕೈಯನ್ನೇ ಹಿಡಿದುಕೊಂಡು, "ಆಗ್ಲಿಂದ ಸಾಕು ಸಾಕು ಅಂತಾವ್ನಿ, ಕಾಲು ಕಿತ್ತುಬುಡ್ತೀರೇನಣ್ಣ" ಎಂದ.

"ಹಾಕು ಅಂದ ಹಾಗೆ ಕೇಳಿಸ್ತಪ್ಪ" ಎಂದೆ.

ಬೇಕೆಂದು ಹೇಳಿದ್ದಲ್ಲ, ನಿಜವಾಗಿ ಹಾಗೇ ಕೇಳಿಸಿತ್ತು. ಪದ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ರಾಜಣ್ಣ ನನ್ನ ಮುಖ ನೋಡಿದ. ಆಮೇಲೆ ಮಂಚ ಅಲುಗುವ ಹಾಗೆ ನಕ್ಕ. ನಗುವಾಗ ಮಂಡಿ ನೊಂದು, "ಅಯ್ಯಪ್ಪ" ಎಂದು ಮತ್ತೆ ನಕ್ಕ. "ಅವತ್ತು ನಂಗೂ ಇಂಗೇ ಆಗಿದ್ದು ಕಣಣ್ಣ. ಕಾರಿನ ಸದ್ದು ಬೇರೆ" ಎಂದ. "ನಾನೂ ಕೈ ಅಡ್ಡ ಹಿಡೀಬೇಕಿತ್ತು ಬಿಡು" ಎಂದೆ. ಹಳೆಯ ಬ್ಯಾಗಿನ ಪಟ್ಟಿ ಕತ್ತರಿಸಿ ಪದ್ಮ ಬ್ರೇಸಿಗೆ ಜೋಡಿಸಿ ಹೊಲಿದಳು. ಮಾರನೆಯ ದಿನ ಇಬ್ಬರೂ ಹಾಸನಕ್ಕೆ ಹೋದೆವು. ಡಾಕ್ಟರು ಹೊಲಿಗೆ ನೋಡಿ ನಕ್ಕು, ಹೊಸದು ಬರುವವರೆಗೆ ಪರವಾಗಿಲ್ಲ ಎಂದು ಕೀಲು ಸರಿಮಾಡಿ ಕೊಟ್ಟರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಈಗ ರಾಜಣ್ಣ ಪ್ರತಿ ಬೆಳಿಗ್ಗೆ ಫೋನು ಮಾಡುತ್ತಾನೆ, ಮಂಡಿಯ ವಾರ್ತೆ ಓದಲು. ಅವನೂ ಬ್ರೇಸು ಬಿಚ್ಚಿಯಾಗಿದೆ. ಮೊನ್ನೆ, "ಹಸು ಅತ್ರ ಕುಕ್ಕರಗಾಲಲ್ಲಿ ಕೂತು ಆಲು ಕರೆದೆ ಕಣಣ್ಣ, ಡಾಕ್ಟ್ರೇ ಕೂರ್ಬೋದು ಅಂದ್ರು. ನೀವು ಕೂತ್ಕತೀರಾ" ಎಂದ. ಆ ಪ್ರಶ್ನೆಯ ದನಿ ನನಗೆ ಹಿಡಿಸಲಿಲ್ಲ. ನನ್ನ ಗಾಯ ಅವನದಕ್ಕಿಂತ ಹಿರಿಯದು. ಫೋನು ಇಟ್ಟವನೇ ನಡುಮನೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ಕುಳಿತದ್ದೇನೋ ಸಲೀಸಾಗಿ ಆಯಿತು, ಏಳುವುದು ಮಾತ್ರ ಆಗಲಿಲ್ಲ.

"ಸುಮಿತ್ರ, ಸ್ವಲ್ಪ ಕೈ ಕೊಡೆ" ಎಂದೆ.

ಅವಳು ಬಂದು ನೋಡಿ, ನಿಧಾನವಾಗಿ ಸೊಂಟದ ಮೇಲೆ ಕೈಯಿಟ್ಟು, "ನಿಮ್ಮ ಮಂಡೀನೇ ಕೈ ಕೊಟ್ಟಿರೋ ಹಾಗಿದೆಯಲ್ರೀ, ನಂದ್ಯಾಕೆ" ಎಂದಳು. ನಂತರ ನನ್ನನ್ನು ಎತ್ತುವ ಮೊದಲು ತಂಗಿಗೆ ಫೋನು ಮಾಡಿದಳು.